ಅಪ್‌ಡೇಟ್: ಎಂಜಿನ್ ಆಯಿಲ್ ಬದಲಾಯಿಸಿದ್ದಾಯ್ತು

ನಮ್ಮ ಹಳೇ ಪೆಟ್ರೋಲ್ ಕಾರಿನ ಆಯಿಲ್ ಡಿಪ್‌ಸ್ಟಿಕ್‌ನ (ಆಯಿಲ್ ಮಟ್ಟ ನೋಡೋ ಕಡ್ಡಿ) ಕೆಳಗಿನ ಗುರುತಿಗೆ ಬಂದಿದೆ, ಟಾಪ್‌ಅಪ್ ಸಾಕಾ, ಪೂರ್ತಿ ಬದಲಾಯಿಸಬೇಕಾ ಅಂತ ಕೇಳಿದ್ದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಮತ್ತೆ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಬೆಳಿಗ್ಗೆ ಕಡ್ಡಿ ಒರೆಸಿ, ಪೂರ್ತಿ ಒಳಗಿಳಿಸಿ ನೋಡಿದೆ. ಮಟ್ಟ ಅಷ್ಟೇ. ಹಾಕಿಸಿ ವರ್ಷ ದಾಟಿತ್ತು, ಹಾಗಾಗಿ ಬದಲಾಯಿಸೋದೇ ಸರಿ ಅನ್ನಿಸ್ತು.

ತುಮಕೂರಿನ ಶಿರಾ ಗೇಟ್ ಹತ್ತಿರದ ಮೆಕ್ಯಾನಿಕ್ ಅಣ್ಣ ಎಂಜಿನ್ ಬೆಚ್ಚಗಿದ್ದಾಗಲೇ ಡ್ರೈನ್ ಬೋಲ್ಟ್ ಬಿಚ್ಚಿದರು. ಆಗ ಆಯಿಲ್ ತೆಳುವಾಗಿ ಕೊಳೆಯೂ ಜೊತೆಗೇ ಇಳಿಯುತ್ತೆ. ಹೊಸ ವಾಷರ್, ಹೊಸ ಫಿಲ್ಟರ್. ಅದರ ರಬ್ಬರ್ ರಿಂಗಿಗೆ ಹೊಸ ಆಯಿಲ್ ಸವರಿ ಕೈಯಲ್ಲೇ ಬಿಗಿದರು. ಅಂಗಡೀಲಿ "ಬಿಸಿಲು ಜಾಸ್ತಿ, ದಪ್ಪಗಿರೋ 20ಡಬ್ಲ್ಯು-50 ಆಯಿಲ್ ತಗೊಳ್ಳಿ" ಅಂದರು. ನಾನು ಒಪ್ಪಲಿಲ್ಲ, ಕಾರಿನ ಮ್ಯಾನ್ಯುಯಲ್‌ನಲ್ಲಿರೋ, ಅದಕ್ಕಿಂತ ತೆಳುವಾದ 5ಡಬ್ಲ್ಯು-30ನೇ ಹಾಕಿಸಿದೆ. ತಣ್ಣಗಿರೋ ಎಂಜಿನ್ ಸ್ಟಾರ್ಟ್ ಆದಾಗ ದಪ್ಪ ಆಯಿಲ್ ಮೇಲಿನ ಭಾಗಗಳಿಗೆ ತಲುಪೋದು ತಡ, ಸವೆತ ಜಾಸ್ತಿ ಆಗೋದೂ ಆಗಲೇ.

ಈಗ ಮಟ್ಟ ಮೇಲಿನ ಗುರುತಿಗಿಂತ ಚೂರು ಕೆಳಗಿದೆ, ಸೋರಿಕೆ ಇಲ್ಲ. ಹಳೇ ಆಯಿಲನ್ನ ದಯವಿಟ್ಟು ಯಾರೂ ಚರಂಡಿಗೆ ಸುರಿಯಬೇಡಿ. ನಮ್ಮದು ಗ್ಯಾರೇಜಿನ ಡ್ರಮ್ಮಿಗೆ ಹೋಯ್ತು. ಮಟ್ಟ ಮತ್ತೆ ಬೇಗ ಇಳಿದರೆ ಪಿಸಿವಿ ವಾಲ್ವ್ (ಎಂಜಿನ್ ಒಳಗೆ ಸೇರೋ ಅನಿಲವನ್ನ ಹೊರಗೆಳೆಯೋ ವಾಲ್ವ್, ಕೆಟ್ಟರೆ ಆಯಿಲ್ ಖರ್ಚಾಗುತ್ತೆ) ನೋಡಿಸ್ತೀನಿ.