ಏಜೆಂಟ್ ತಪ್ಪು ಬಿಟ್‌ಕಾಯಿನ್ ದರ ಹೇಳುತ್ತಿದೆ, ಎರರ್ ಮಾತ್ರ ಬರುತ್ತಿಲ್ಲ

ತುಂಗೆಯ_ದಡ (ತೀರ್ಥಹಳ್ಳಿ):
ನಮಸ್ಕಾರ. ನಮ್ಮ ಭಾವ ಸ್ವಲ್ಪ ಬಿಟ್‌ಕಾಯಿನ್ ಇಟ್ಟುಕೊಂಡಿದ್ದಾರೆ. ಅವರ ಲೆಕ್ಕ ಬರೆಯೋದು ನಾನು. ದಿನಾ ದರ ಹುಡುಕೋದು ಬೇಡ ಅಂತ ಪೈಥಾನ್‌ನಲ್ಲಿ ಒಂದು ಸಣ್ಣ ಎಂಸಿಪಿ ಸರ್ವರ್ (ಎಐ ಮಾಡೆಲ್‌ಗೆ ಹೊರಗಿನ ಟೂಲ್‌ಗಳನ್ನು ಜೋಡಿಸೋ ಪ್ರೋಗ್ರಾಂ) ಮಾಡಿದೆ. ಅದರಲ್ಲಿ ಎರಡೇ ಟೂಲ್. ಒಂದು ಈಗಿನ ದರ ತರುತ್ತದೆ, ಇನ್ನೊಂದು ದಿನದ ಕ್ಯಾಂಡಲ್‌ಗಳನ್ನು (ಆಯಾ ದಿನದ ಆರಂಭದ, ಗರಿಷ್ಠ, ಕನಿಷ್ಠ, ಕೊನೆಯ ದರ ಇರೋ ಸಾಲುಗಳನ್ನು) ತರುತ್ತದೆ. ಕೊಳ್ಳೋದು, ಮಾರೋದು ಏನೂ ಇಲ್ಲ. ಈ ಟೂಲ್‌ಗಳನ್ನು ಕರೆದು ನನಗೆ ಉತ್ತರ ಹೇಳೋ ಏಜೆಂಟ್‌ನ ಎಐ ಮಾಡೆಲ್ ನನ್ನ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ.

ಕಳೆದ ವಾರ ಮಳೆ ಜೋರಾಗಿ ನೆಟ್ ಬಂದು ಹೋಗಿ ಮಾಡುತ್ತಿತ್ತು. ಆವತ್ತು ಬೆಳಗ್ಗೆ ಏಜೆಂಟ್ ಒಂದು ದರ ಹೇಳಿತು, ನಾನು ಪುಸ್ತಕಕ್ಕೆ ಬರೆದುಬಿಟ್ಟೆ. ಸಂಜೆ ಭಾವ ಫೋನ್‌ನಲ್ಲಿ ನೋಡಿದರೆ ಲಕ್ಷಗಟ್ಟಲೆ ವ್ಯತ್ಯಾಸ. ಅವರ ಮುಂದೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.

ಇನ್ನೊಂದು ತೊಂದರೆ. 'ನಿನ್ನೆಯ ಕ್ಲೋಸ್' (ದಿನದ ಕೊನೆಯ ದರ) ಕೇಳಿದರೆ ದಿನಾ ಸ್ವಲ್ಪ ಆಚೀಚೆ ಬರುತ್ತದೆ. ನಾನು ಕೇಳೋದು ಬೆಳಗ್ಗೆ 5 ಗಂಟೆಗೆ, ಕೊಟ್ಟಿಗೆಗೆ ಹೋಗೋ ಮುಂಚೆ.

ಗಾಂಧಿಬಜಾರ್_ಕೋಡ್ (ಶಿವಮೊಗ್ಗ):
ನೆಟ್ ಇಲ್ಲದಾಗ ನಿಮ್ಮ ಟೂಲ್ ಏನನ್ನು ವಾಪಸ್ ಕೊಡುತ್ತದೆ? ಅದನ್ನು ಮೊದಲು ನೋಡಿ. ಏಜೆಂಟ್ ಏನು ಹೇಳಿತು ಅನ್ನೋದು ಆಮೇಲೆ.

ತುಂಗೆಯ_ದಡ:
ನೋಡೋಣ ಅಂತ ಟೂಲ್ ಒಳಗೆ ಒಂದು ಪ್ರಿಂಟ್ ಹಾಕಿದೆ. ಈಗ ಟೂಲ್ ಕರೆದ ಕೂಡಲೇ ಸರ್ವರ್ ಕನೆಕ್ಷನ್ ಕೆಟ್ಟುಹೋಗುತ್ತಿದೆ!

ಗಾಂಧಿಬಜಾರ್_ಕೋಡ್:
ಗಾಬರಿ ಬೇಡ, ಎಲ್ಲರೂ ಒಂದು ಸಲ ಇಲ್ಲಿ ಎಡವಿದವರೇ. ಎಸ್‌ಟಿಡಿಐಒ (ಸ್ಟ್ಯಾಂಡರ್ಡ್ ಇನ್‌ಪುಟ್-ಔಟ್‌ಪುಟ್) ದಾರಿಯಲ್ಲಿ ಓಡುವ ಎಂಸಿಪಿ ಸರ್ವರ್ ತನ್ನ ಸ್ಟ್ಯಾಂಡರ್ಡ್ ಔಟ್‌ಪುಟ್ ಮೂಲಕವೇ ಮಾತಾಡುತ್ತದೆ. ಸಾಲಿಗೊಂದು ಜೇಸನ್ ಸಂದೇಶ, ಬೇರೆ ಏನೂ ಅಲ್ಲಿ ಬರಬಾರದು. ನಿಮ್ಮ ಪ್ರಿಂಟ್ ಅದರ ನಡುವೆ ಹೋಗಿ ಸೇರಿದೆ. ಪ್ರಿಂಟನ್ನು ಸ್ಟ್ಯಾಂಡರ್ಡ್ ಎರರ್ ಅನ್ನೋ ಬೇರೆ ದಾರಿಯ ಕಡೆಗೆ ತಿರುಗಿಸಿ, ಸರಿಹೋಗುತ್ತದೆ.

ತುಂಗೆಯ_ದಡ:
ಸರಿಹೋಯಿತು. ರೌಟರ್ ಆಫ್ ಮಾಡಿ ಕೇಳಿದೆ. ಟೂಲ್ ಖಾಲಿ ಸ್ಟ್ರಿಂಗ್ ಕೊಡುತ್ತಿದೆ. ಏನೇ ಎಕ್ಸೆಪ್ಷನ್ (ಕೋಡ್ ಓಡುವಾಗ ಬರೋ ದೋಷ) ಬಂದರೂ ಖಾಲಿ ಕೊಡು ಅಂತ ನಾನೇ ಬರೆದಿದ್ದೆ.

ಗಾಂಧಿಬಜಾರ್_ಕೋಡ್:
ಅಲ್ಲೇ ಇದೆ ನೋಡಿ. ಮಾಡೆಲ್‌ಗೆ ಟೂಲ್ ಕರೆದ ನೆನಪಿದೆ, ಕೈಗೆ ಸಿಕ್ಕಿದ್ದು ಖಾಲಿ. ಆಗ ಅದು ತರಬೇತಿಯಲ್ಲಿ ಯಾವತ್ತೋ ಓದಿದ ದರವನ್ನು ತುಂಬಿಬಿಡುತ್ತದೆ. ಆ ದರ ಒಂದು ವರ್ಷ ಹಳೆಯದೂ ಇರಬಹುದು.

ಎಕ್ಸೆಪ್ಷನ್ ನುಂಗಬೇಡಿ, ಹೊರಗೆ ಬಿಡಿ. ಎಂಸಿಪಿಯಲ್ಲಿ ಟೂಲ್ ಉತ್ತರದ ಜೊತೆ 'ಈಸ್‌ಎರರ್' ಅಂತ ಒಂದು ಗುರುತು ಇರುತ್ತದೆ. ಪೈಥಾನ್‌ನ ಫಾಸ್ಟ್‌ಎಂಸಿಪಿ ಲೈಬ್ರರಿ ಬಳಸುತ್ತಿದ್ದರೆ, ಟೂಲ್ ಒಳಗೆ ಎಕ್ಸೆಪ್ಷನ್ ಎದ್ದ ಕೂಡಲೇ ಅದೇ ಆ ಗುರುತು ಹಾಕುತ್ತದೆ. ಅದರ ಸಂದೇಶವನ್ನು ಮಾತಿನ ಹಾಗೆ ಬರೆಯಿರಿ: 'ದರ ಸಿಗಲಿಲ್ಲ, ನೆಟ್ ಇಲ್ಲ. ನೆನಪಿನಿಂದ ದರ ಹೇಳಬೇಡ.' ಮಾಡೆಲ್ ಅದನ್ನು ಓದುತ್ತದೆ.

ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ದರ ಸಿಕ್ಕಾಗಲೂ ಬರೀ ಸಂಖ್ಯೆ ಕೊಡಬೇಡಿ. ಯಾವ ಹೊತ್ತಿನ ದರ, ರೂಪಾಯಿಯೋ ಡಾಲರೋ, ಎಷ್ಟು ನಿಮಿಷ ಹಳೆಯದು, ಮೂರೂ ಜೊತೆಗೆ ಹೋಗಲಿ. ಈ ಲೆಕ್ಕವನ್ನು ಟೂಲ್ ಒಳಗೇ ಮಾಡಿ. ಕೆಲವು ಎಪಿಐಗಳು (ನಿಮ್ಮ ಕೋಡ್‌ಗೆ ದರ ಕೊಡೋ ಆನ್‌ಲೈನ್ ಸೇವೆಗಳು) ಸಮಯವನ್ನು ಸೆಕೆಂಡ್‌ನಲ್ಲಿ ಕೊಡುತ್ತವೆ, ಕೆಲವು ಮಿಲಿಸೆಕೆಂಡ್‌ನಲ್ಲಿ. ಹತ್ತು ಅಂಕಿಯೋ (ಸೆಕೆಂಡ್) ಹದಿಮೂರು ಅಂಕಿಯೋ (ಮಿಲಿಸೆಕೆಂಡ್) ನೋಡಿಕೊಳ್ಳಿ.

ಕೊಪ್ಪದ_ಕಾಫಿ (ಕೊಪ್ಪ):
ಕ್ಯಾಂಡಲ್ ವಿಷಯ ನಾನು ಹೇಳುತ್ತೇನೆ, ಇದರಲ್ಲಿ ನಾನೂ ತಿಂಗಳುಗಟ್ಟಲೆ ತಪ್ಪು ಬರೆದಿದ್ದೇನೆ. ಕ್ರಿಪ್ಟೋಗೆ ಷೇರುಪೇಟೆಯ ಹಾಗೆ ಬಾಗಿಲು ಹಾಕೋ ಹೊತ್ತು ಇಲ್ಲ. ದಿನದ ಕ್ಯಾಂಡಲ್ ಮುಗಿಯೋದು ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿ, ಅಂದರೆ ನಮ್ಮ ಬೆಳಗ್ಗೆ 5:30. ನೀವು 5ಕ್ಕೆ ಕೇಳಿದಾಗ 'ನಿನ್ನೆ' ಇನ್ನೂ ಅರ್ಧ ಗಂಟೆ ಬಾಕಿ ಇರುತ್ತದೆ. ಪಟ್ಟಿಯ ಕೊನೇ ಸಾಲು ಅರೆಬೆಂದ ಅನ್ನ. ಏಜೆಂಟ್ ಅದನ್ನೇ ಕ್ಲೋಸ್ ಅಂತ ಬಡಿಸುತ್ತಿದೆ.

ತುಂಗೆಯ_ದಡ:
ಹಾಗಾದರೆ 5:30 ಆದ ಮೇಲೆ ಕೇಳಿದರೆ ಸಾಕಾ?

ಕೊಪ್ಪದ_ಕಾಫಿ:
ಸಾಲದು ಮಾರಾಯ್ರೇ. ಆಗ ಕೊನೇ ಸಾಲಿಗೆ ಇವತ್ತಿನ ಹೊಸ ಕ್ಯಾಂಡಲ್ ಬಂದಿರುತ್ತದೆ. ಮುಗಿಯುವ ಸಮಯ ಈಗಿನ ಸಮಯಕ್ಕಿಂತ ಮುಂದಿರುವ ಸಾಲನ್ನು ಟೂಲ್‌ನಲ್ಲೇ ತೆಗೆದುಹಾಕಿ. ಉಳಿದವುಗಳಲ್ಲಿ ಕೊನೆಯದು ನಿಜವಾದ ಕ್ಲೋಸ್. ಹೊತ್ತು ಮಾತ್ರ 5:30ರ ಮೇಲಿರಲಿ, ಇಲ್ಲದಿದ್ದರೆ ಮೊನ್ನೆಯದು ಬರುತ್ತದೆ.

ತುಂಗೆಯ_ದಡ:
ಎರಡೂ ಮಾಡಿದೆ. ರೌಟರ್ ಆಫ್ ಮಾಡಿ ಮೂರು ಸಲ ಕೇಳಿದೆ, ಮೂರು ಸಲವೂ 'ದರ ಸಿಗಲಿಲ್ಲ' ಅಂತಲೇ ಹೇಳಿತು. ಎಷ್ಟು ಸಮಾಧಾನ ಆಯಿತು ಅಂದರೆ ಹೇಳೋಕಾಗಲ್ಲ. ಆದರೆ ಭಾವನ ಹತ್ತಿರ ಇನ್ನೊಂದು ಸಣ್ಣ ಕಾಯಿನ್ ಇದೆ. ಅದರ ನಾಲ್ಕಕ್ಷರದ ಗುರುತು (ಸಿಂಬಲ್) ಕೊಟ್ಟರೆ ಪೈಸೆ ಲೆಕ್ಕದ ಬೇರೆ ಯಾವುದೋ ಕಾಯಿನ್ ಬರುತ್ತದೆ.

ಮಂಡಿ_ಲೆಕ್ಕ (ಸಾಗರ):
ಮಂಡಿಗೆ ಫೋನ್ ಮಾಡಿ 'ಅಡಿಕೆ ರೇಟೆಷ್ಟು' ಅಂದರೆ 'ರಾಶಿಯೋ, ಬೆಟ್ಟೆಯೋ, ಸರಕೋ, ಗೊರಬಲೋ' ಅಂತ ಅವರು ತಿರುಗಿ ಕೇಳುತ್ತಾರೆ. ಎಪಿಐ ತಿರುಗಿ ಕೇಳಲ್ಲ. ಎಥೀರಿಯಂ ಅನ್ನೋ ಬ್ಲಾಕ್‌ಚೈನ್ ಮೇಲೆ ಯಾರು ಬೇಕಾದರೂ ಯಾವ ಗುರುತಿನ ಟೋಕನ್ ಬೇಕಾದರೂ ಮಾಡಬಹುದು, ಒಂದೇ ಗುರುತಿನವು ಎಷ್ಟೋ ಇರುತ್ತವೆ. ಅದಕ್ಕೇ ದರದ ಎಪಿಐಗಳು ಪ್ರತಿ ಕಾಯಿನ್‌ಗೂ ಬೇರೆ ಐಡಿ ಕೊಡುತ್ತವೆ. ಕಾಯಿನ್ ಪಟ್ಟಿಯನ್ನು ಒಂದು ಸಲ ಇಳಿಸಿ, ಕಾಂಟ್ರಾಕ್ಟ್ ವಿಳಾಸ (ಬ್ಲಾಕ್‌ಚೈನ್‌ನಲ್ಲಿ ಆ ಟೋಕನ್‌ನದೇ ಆದ ವಿಳಾಸ) ತಾಳೆ ನೋಡಿ, ಸರಿಯಾದ ಐಡಿ ಟೂಲ್‌ನಲ್ಲೇ ಬರೆದಿಡಿ. ಗುರುತಿಗೆ ಒಂದಕ್ಕಿಂತ ಜಾಸ್ತಿ ಸಿಕ್ಕರೆ ಯಾವುದು ಅಂತ ನಿಮ್ಮನ್ನೇ ಕೇಳೋ ಹಾಗೆ ಮಾಡಿ.

ತುಂಗೆಯ_ದಡ:
ಭಾವನ ವಾಲೆಟ್‌ನಲ್ಲಿದ್ದ ವಿಳಾಸ ತೆಗೆದು ತಾಳೆ ನೋಡಿದೆ, ಪಟ್ಟಿಯಲ್ಲಿ ಅದೇ ಗುರುತಿನವು ಐದು ಇದ್ದವು. ಈಗ ಸರಿಯಾದ ದರ ಬರುತ್ತಿದೆ. ಇವತ್ತು ಸಂಜೆ ಪುಸ್ತಕದಲ್ಲಿ ಆ ಮಳೆ ದಿನದ ಸಾಲು ಹೊಡೆದುಹಾಕಿ ಸರಿಯಾದ ಕ್ಲೋಸ್ ಬರೆದು, ಭಾವನಿಗೆ ಫೋಟೋ ಕಳಿಸುತ್ತೇನೆ.