ಅಕೌಂಟೆಂಟ್ ರಜೆ ಹಾಕಿದರೆ ಲಾರಿಯೇ ನಿಲ್ಲುತ್ತದೆ: ಇಆರ್‌ಪಿ ತೆಗೆದುಕೊಳ್ಳಬೇಕಾ?

ಪ್ರಶ್ನೆ (ಹುಬ್ಬಳ್ಳಿ, ಪೈಪ್ ಮತ್ತು ಪ್ಲಂಬಿಂಗ್ ಸಾಮಾನಿನ ಸಗಟು ವ್ಯಾಪಾರ):

ನಮಸ್ಕಾರ ಸರ್. ನಮ್ಮದು ಅಪ್ಪ ಮತ್ತು ಕಾಕಾ ಸೇರಿ ಶುರು ಮಾಡಿದ ಪಾಲುದಾರಿಕೆ ಸಂಸ್ಥೆ. ವರ್ಷದ ವಹಿವಾಟು ಸುಮಾರು 11 ಕೋಟಿ. ಅಂಗಡಿ, ಗೋಡೌನ್ ಹುಬ್ಬಳ್ಳಿಯಲ್ಲಿ, ಒಂದು ಬ್ರಾಂಚ್ ಗದಗದಲ್ಲಿ. ಲೆಕ್ಕವೆಲ್ಲ ಟ್ಯಾಲಿ ಸಾಫ್ಟ್‌ವೇರಿನಲ್ಲಿದೆ. 14 ವರ್ಷದಿಂದ ಒಬ್ಬರೇ ಅಕೌಂಟೆಂಟ್, ನಮಗೆ ಮನೆಯವರ ಹಾಗೆ. ಗದಗದ ಲೆಕ್ಕ ವಾರಕ್ಕೊಮ್ಮೆ, ಶನಿವಾರ ಪೆನ್‌ಡ್ರೈವ್‌ನಲ್ಲಿ ಬರುತ್ತದೆ.

ಕಳೆದ ತಿಂಗಳು ಅವರ ಮಗಳ ಮದುವೆ. ಹತ್ತು ದಿನ ರಜೆ ಹಾಕಿದ್ದರು. ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ತೆಗೆಯುವ ಸರ್ಕಾರಿ ಪೋರ್ಟಲ್‌ನ ಓಟಿಪಿ ಅವರ ಮೊಬೈಲಿಗೇ ಹೋಗುತ್ತದೆ. ಲಾರಿ ಲೋಡ್ ಆಗಿ ನಿಂತಿತ್ತು. ಅಲ್ಲಿ ಅಕ್ಷತೆ ಹಾಕುವ ಹೊತ್ತು, ಇಲ್ಲಿಂದ ನಾನು ಫೋನ್ ಮಾಡಿ ಓಟಿಪಿ ಕೇಳಬೇಕಾಯಿತು. ತುಂಬಾ ಬೇಜಾರಾಯಿತು.

ಈಗ ಒಬ್ಬ ವೆಂಡರ್ ಕ್ಲೌಡ್ ಇಆರ್‌ಪಿ (ಲೆಕ್ಕ, ಸ್ಟಾಕ್, ಖರೀದಿ, ಮಾರಾಟ ಎಲ್ಲ ಒಂದರಲ್ಲೇ ಇರುವ, ಇಂಟರ್ನೆಟ್ ಮೇಲೆ ನಡೆಯುವ ಸಾಫ್ಟ್‌ವೇರ್) ತೋರಿಸಿದ್ದಾರೆ. ಎಐ ಇದೆ, ಯಾವ ಮಾಲು ಯಾವಾಗ ತರಿಸಬೇಕು ಅಂತ ಅದೇ ಹೇಳುತ್ತದೆ ಅನ್ನುತ್ತಾರೆ. ಮೊದಲ ವರ್ಷಕ್ಕೆ 6 ಲಕ್ಷ. ಅಪ್ಪ ಬೇಡ ಅನ್ನುತ್ತಾರೆ, ನನಗೆ ಬೇಕು ಅನಿಸುತ್ತದೆ. ಏನು ಮಾಡಲಿ?

ಉತ್ತರ:

ನಮಸ್ಕಾರ. ನಿಮ್ಮ ಪ್ರಶ್ನೆಯಲ್ಲಿ ಎರಡು ತೊಂದರೆ ಒಂದರೊಳಗೊಂದು ಸೇರಿಕೊಂಡಿವೆ. ಮೊದಲು ಅವನ್ನು ಬಿಡಿಸಿಕೊಳ್ಳೋಣ.

ಓಟಿಪಿ ಒಬ್ಬರ ಮೊಬೈಲಿನಲ್ಲಿ ಸಿಕ್ಕಿಕೊಂಡದ್ದಕ್ಕೆ ಟ್ಯಾಲಿ ಕಾರಣ ಅಲ್ಲ. ಇ-ವೇ ಬಿಲ್ ಪೋರ್ಟಲ್‌ಗೆ 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆಗೆ ಓಟಿಪಿ) ಕಡ್ಡಾಯ. ನೀವು 6 ಲಕ್ಷ ಕೊಟ್ಟು ಇಆರ್‌ಪಿ ತಂದರೂ ಪೋರ್ಟಲ್ ಆ ಹಳೇ ನಂಬರನ್ನೇ ಹುಡುಕುತ್ತದೆ. ಆದರೆ ಅಲ್ಲೇ ಸಬ್ ಯೂಸರ್ (ನಿಮ್ಮ ಖಾತೆಯ ಕೆಳಗೆ ಬೇರೆಯವರಿಗೆ ಪ್ರತ್ಯೇಕ ಲಾಗಿನ್) ಮಾಡಿಕೊಳ್ಳಲು ಅವಕಾಶ ಇದೆ. ಗೋಡೌನ್ ನೋಡಿಕೊಳ್ಳುವವರಿಗೆ ಒಂದು, ನಿಮಗೆ ಒಂದು, ಗದಗಕ್ಕೆ ಒಂದು ಮಾಡಿ. ಆಗ ಅವರವರ ಓಟಿಪಿ ಅವರವರ ಮೊಬೈಲಿಗೆ ಬರುತ್ತದೆ. ಅರ್ಧ ಗಂಟೆಯ ಕೆಲಸ, ಖರ್ಚಿಲ್ಲ.

ಅದು ಮುಗಿದ ಮೇಲೆ ಒಂದು ಹಾಳೆ ತಗೊಂಡು ಅಕೌಂಟೆಂಟ್ ಜೊತೆ ಕೂತುಕೊಳ್ಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿರುವ ಮೊಬೈಲ್ ನಂಬರ್, ಇಮೇಲ್ ಯಾರದ್ದು? ಟ್ಯಾಲಿಯ ಅಡ್ಮಿನ್ ಪಾಸ್‌ವರ್ಡ್ ಯಾರಿಗೆ ಗೊತ್ತು? ಬ್ಯಾಂಕಿನ ನೆಟ್ ಬ್ಯಾಂಕಿಂಗ್, ಡಿಜಿಟಲ್ ಸಹಿಯ ಟೋಕನ್, ರೌಟರ್ ಪಾಸ್‌ವರ್ಡ್ ಎಲ್ಲಿವೆ? ಎಲ್ಲದರ ಮುಂದೆಯೂ ಒಂದೇ ಹೆಸರು ಬಂದರೆ, ನಿಮ್ಮ ವ್ಯಾಪಾರ ಒಬ್ಬರ ನೆನಪಿನ ಮೇಲೆ ನಿಂತಿದೆ ಎಂದಾಯಿತು. ಇಡೀ ಲೆಕ್ಕಕ್ಕೇ ಬೀಗ ಹಾಕುವ ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಹಾಕಿದ್ದರಂತೂ ಜಾಸ್ತಿ ಹುಷಾರು. ಅದನ್ನು ಮರೆತರೆ ಯಾರಿಂದಲೂ ತೆಗೆಯಲು ಆಗುವುದಿಲ್ಲ. ಕವರಿನಲ್ಲಿ ಬರೆದು, ಅಂಟಿಸಿ, ಬ್ಯಾಂಕ್ ಲಾಕರಿನಲ್ಲಿಡಿ.

ಈಗ ಇಆರ್‌ಪಿ ವಿಷಯ. ನಿಮ್ಮ ಟ್ಯಾಲಿಯಲ್ಲಿ ಮುಕ್ಕಾಲು ಇಂಚಿನ ಸಿಪಿವಿಸಿ ಪ್ಲಾಸ್ಟಿಕ್ ಎಲ್ಬೋ (ಪೈಪ್ ತಿರುಗಿಸುವ ಜೋಡಣೆ) ಎಷ್ಟು ಹೆಸರಲ್ಲಿದೆ, ಒಮ್ಮೆ ನೋಡಿ. ನಿಮ್ಮಂಥದ್ದೇ ಒಂದು ಅಂಗಡಿಯಲ್ಲಿ ನಾನು ಎಣಿಸಿದಾಗ ನಾಲ್ಕು ಸಿಕ್ಕವು: ‘ಎಲ್ಬೋ ಮುಕ್ಕಾಲು’, ‘ಮುಕ್ಕಾಲು ಎಲ್ಬೋ’, ‘ಎಲ್ಬೋ 20 ಎಂಎಂ’, ಇನ್ನೊಂದು ಬರೀ ಕಂಪನಿಯ ಕೋಡ್. ಒಂದರಲ್ಲಿ ಸ್ಟಾಕ್ ಮೈನಸ್ 340, ಪಕ್ಕದ್ದರಲ್ಲಿ ಪ್ಲಸ್ 410. ಪೈಪಿನ ಕಥೆ ಇನ್ನೂ ಕಷ್ಟ. ಕೊಳ್ಳುವಾಗ ಮೀಟರ್, ಮಾರುವಾಗ ಲೆಂತ್ (ಇಡೀ ಪೈಪಿನ ಲೆಕ್ಕ). ಗೋಡೌನ್ ಹುಡುಗನಿಗೆ ಎಲ್ಲಿ ಎಷ್ಟಿದೆ ಅಂತ ಕಣ್ಣಳತೆಯಲ್ಲೇ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಈ ಪಟ್ಟಿಯನ್ನು ಹಾಗೇ ಎತ್ತಿ ಹೊಸ ಸಾಫ್ಟ್‌ವೇರಿಗೆ ಸುರಿದರೆ ಎಐ ನಾಲ್ಕು ಬೇರೆ ಎಲ್ಬೋ ಇವೆ ಎಂದೇ ನಂಬುತ್ತದೆ. ಖಾಲಿಯಾಗಿದೆ, ತರಿಸಿ ಅನ್ನುತ್ತದೆ. ಅತ್ತ ಗೋಡೌನಿನಲ್ಲಿ ಮೂಟೆ ಬಿದ್ದಿರುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟು. ಈ ವರ್ಷ ಇಆರ್‌ಪಿ ಬೇಡ, ಐಟಂ ಪಟ್ಟಿ ಸರಿ ಮಾಡಿ. ಒಂದು ಮಾಲಿಗೆ ಒಂದೇ ಹೆಸರು, ಒಂದೇ ಅಳತೆ. ಹೊಸ ಐಟಂ ತೆರೆಯುವ ಅಧಿಕಾರ ಒಬ್ಬರಿಗೆ ಮಾತ್ರ. ಬೇಸರದ ಕೆಲಸ, ಎರಡು ಮೂರು ತಿಂಗಳು ಹಿಡಿಯುತ್ತದೆ. ಆದರೆ ಮುಂದೆ ಯಾವ ಸಾಫ್ಟ್‌ವೇರ್ ತಂದರೂ ಈ ಶ್ರಮ ಉಳಿಯುತ್ತದೆ. ಜೊತೆಗೆ, ಗದಗದವರು ದಿನವೂ ಹುಬ್ಬಳ್ಳಿಯ ಸ್ಟಾಕ್ ನೋಡುವ ಹಾಗೆ ಇದೇ ಟ್ಯಾಲಿಯಲ್ಲಿ ವ್ಯವಸ್ಥೆ ಮಾಡಿಸಿ. ಶನಿವಾರದ ಪೆನ್‌ಡ್ರೈವ್ ನಿಲ್ಲಿಸಿ. ನಿಮ್ಮ ವಹಿವಾಟು 10 ಕೋಟಿ ದಾಟಿದೆ, ಅಂದರೆ ಬಿಲ್ಲು ತನ್ನ ತಾರೀಖಿನಿಂದ 30 ದಿನದೊಳಗೆ ಸರ್ಕಾರದ ಇ-ಇನ್ವಾಯ್ಸ್ (ಬಿಲ್ ನೋಂದಣಿಯ) ಪೋರ್ಟಲ್‌ಗೆ ಹೋಗಲೇಬೇಕು. ಈ ನಿಯಮವೂ 2025ರ ಏಪ್ರಿಲ್ 1ರಿಂದಲೇ. ತಡವಾದರೆ ಪೋರ್ಟಲ್ ತಗೊಳ್ಳುವುದೇ ಇಲ್ಲ. ಗದಗದ ಒಂದು ಬಿಲ್ ಪೆನ್‌ಡ್ರೈವ್‌ನಲ್ಲೇ ಮರೆತುಹೋದರೆ ನಿಮ್ಮ ಗಿರಾಕಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ಜಿಎಸ್‌ಟಿಯ ವಜಾ) ಸಿಗದು. ಜಗಳ ನಿಮ್ಮ ಬಾಗಿಲಿಗೇ ಬರುತ್ತದೆ.

ಪಟ್ಟಿ ಸರಿಯಾದ ಮೇಲೂ ಇಆರ್‌ಪಿ ಬೇಕು ಅನಿಸಿದರೆ ಏಪ್ರಿಲ್ 1ಕ್ಕೆ ಬದಲಾಯಿಸಿ, ವರ್ಷದ ನಡುವೆ ಬೇಡ. ಹಳೆಯದು ಮತ್ತು ಹೊಸದು ಎರಡೂ ಕನಿಷ್ಠ ಒಂದು ತಿಂಗಳು ಜೊತೆಯಾಗಿ ಓಡಲಿ. 11ನೇ ತಾರೀಖಿಗೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್), ಎರಡೂ ಹೊಸದರಿಂದ ತಾಳೆಯಾದ ಮೇಲೆ ಹಳೆಯದನ್ನು ನಿಲ್ಲಿಸಿ. ವೆಂಡರ್‌ಗೆ ಒಂದು ಪ್ರಶ್ನೆ ಬರಹದಲ್ಲಿ ಕೇಳಿ: ‘ನಾಳೆ ನಾವು ಹಣ ಕಟ್ಟುವುದು ನಿಲ್ಲಿಸಿದರೆ ನಮ್ಮ ಲೆಕ್ಕ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೈಗೆ ಕೊಡುತ್ತೀರಿ?’ ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಆ ಜವಾಬ್ದಾರಿ ನಿಮ್ಮದು, ವೆಂಡರ್‌ದಲ್ಲ.

ನಿಮ್ಮ ತಂದೆಯವರು ಬೇಡ ಅಂದದ್ದು ಹೊಸದಕ್ಕೆ ಹೆದರಿ ಅಂತ ತಿಳಿಯಬೇಡಿ. ಯಾಕೆ ಬೇಡ ಅಂತ ಕೂತು ಕೇಳಿ. ಉದ್ರಿ ಯಾರಿಗೆ ಎಷ್ಟು ದಿನ ಕೊಡಬಹುದು ಅನ್ನುವ ಅವರ ಲೆಕ್ಕ ಯಾವ ಸಾಫ್ಟ್‌ವೇರಿನಲ್ಲೂ ಇರುವುದಿಲ್ಲ.

ಇನ್ನೊಬ್ಬ ಸದಸ್ಯರು (ಸಿಂಧನೂರು ಕಡೆ, ಅಕ್ಕಿ ಗಿರಣಿ):

ಸರ್, ಕ್ಲೌಡ್‌ಗೆ ಹೋದರೆ ಬ್ಯಾಕಪ್ ಚಿಂತೆ ಇರಲ್ಲ ಅಂತಾರೆ. ಹೌದಾ? ನಾವು ದಿನಾ ಪೆನ್‌ಡ್ರೈವ್‌ಗೆ ಹಾಕುತ್ತೇವೆ, ಅದು ಸಾಕಲ್ವಾ?

ಉತ್ತರ:

ಪೆನ್‌ಡ್ರೈವ್ ತೆಗೆದಿಡುತ್ತೀರಾ, ಕಂಪ್ಯೂಟರಿನಲ್ಲೇ ಸಿಕ್ಕಿಸಿರುತ್ತೀರಾ? ಇದೊಂದನ್ನು ಮೊದಲು ನೋಡಿಕೊಳ್ಳಿ.

ನಿಮ್ಮ ಕಡೆಯದೇ ಒಂದು ಗಿರಣಿಗೆ ನಾನು ಹೋಗಿದ್ದೆ, ಹೆಸರು ಬೇಡ. ಮನೆಯಿಂದ ಕೆಲಸ ಮಾಡಲು ಅನುಕೂಲ ಅಂತ ರಿಮೋಟ್ ಡೆಸ್ಕ್‌ಟಾಪನ್ನು ಇಂಟರ್ನೆಟ್‌ಗೆ ತೆರೆದಿಟ್ಟಿದ್ದರು. ಪಾಸ್‌ವರ್ಡ್ ಗಿರಣಿಯ ಹೆಸರು ಮತ್ತು 123. ಒಂದು ಸೋಮವಾರ ಬೆಳಿಗ್ಗೆ ಯಾವ ಫೈಲೂ ತೆರೆಯಲಿಲ್ಲ. ದುಡ್ಡು ಕೊಡಿ ಎಂಬ ಚೀಟಿ ಮಾತ್ರ ಪರದೆಯ ಮೇಲೆ. ಸಿಕ್ಕಿಸಿಟ್ಟಿದ್ದ ಪೆನ್‌ಡ್ರೈವ್‌ನಲ್ಲಿದ್ದ ಬ್ಯಾಕಪ್ಪಿಗೂ ಬೀಗ ಬಿದ್ದಿತ್ತು. ದುಡ್ಡು ಕೊಡಬೇಡಿ ಎಂದೆ, ಅವರೂ ಕೊಡಲಿಲ್ಲ. ಆಡಿಟರ್ ಬಳಿ ನಾಲ್ಕು ತಿಂಗಳ ಹಿಂದಿನ ಪ್ರತಿ ಇತ್ತು. ಮಾರಾಟದ ಬಿಲ್ಲುಗಳ ವಿವರ ಜಿಎಸ್‌ಟಿ ಪೋರ್ಟಲ್‌ನಿಂದ ಸಿಕ್ಕಿತು. ರೈತರ ಭತ್ತದ ಬಾಕಿ ಮಾತ್ರ ಎಲ್ಲೂ ಇರಲಿಲ್ಲ. ಕೊನೆಗೆ ರೈತರೇ ತಮ್ಮ ಬಳಿಯಿದ್ದ ವೇಬ್ರಿಡ್ಜ್ ಚೀಟಿಗಳನ್ನು ತಂದುಕೊಟ್ಟರು. ಒಬ್ಬ ಅಜ್ಜ ರುಮಾಲಿನ ಗಂಟು ಬಿಚ್ಚಿ, ಮಡಚಿಟ್ಟಿದ್ದ ಆರು ಚೀಟಿ ಮೇಜಿನ ಮೇಲಿಟ್ಟದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. 23 ದಿನ ಹಿಡಿಯಿತು.

ಕ್ಲೌಡ್ ಅಂದರೆ ಬೇರೆಯವರ ಕಂಪ್ಯೂಟರ್, ಅಷ್ಟೇ. ಅದಕ್ಕೂ ಬೆಂಕಿ ಬೀಳಬಹುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಿತು. ಬೇರೆ ಕಡೆ ಪ್ರತಿ ಇಟ್ಟುಕೊಳ್ಳದ ಎಷ್ಟೋ ಗಿರಾಕಿಗಳು ಡೇಟಾ ಕಳಕೊಂಡರು. ಆದ್ದರಿಂದ ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದು ಗಿರಣಿಯ ಹೊರಗಿರಲಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ ತೆರೆದು ನೋಡಿ. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 10 ಇದ್ದರೆ, ಅದಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಆರ್‌ಪಿಗಿಂತ ಮೊದಲು ಅದನ್ನು ಬದಲಾಯಿಸಿ.

ಇನ್ನೊಬ್ಬ ಸದಸ್ಯರು (ದಾವಣಗೆರೆ):

ನಾನೂ 19 ವರ್ಷದಿಂದ ಅಕೌಂಟೆಂಟ್ ಸರ್. ಪಾಸ್‌ವರ್ಡ್ ಎಲ್ಲ ಬರೆದುಕೊಡಿ ಅಂದ ದಿನ ನಮಗೆ ಏನನಿಸುತ್ತದೆ ಗೊತ್ತಾ? ನಾಳೆ ಬರಬೇಡ ಅಂತಾರೆ ಅನಿಸುತ್ತದೆ.

ಉತ್ತರ:

ನೀವು ಹೇಳಿದ್ದು ಸರಿ, ಮೇಲಿನ ಉತ್ತರದಲ್ಲಿ ನಾನು ಇದನ್ನು ಬಿಟ್ಟಿದ್ದೆ. ನಾನು ನೋಡಿದ ಹಾಗೆ ಸಾಫ್ಟ್‌ವೇರ್ ಬದಲಾವಣೆ ಕೆಡುವುದು ಜಾಸ್ತಿ ಇಲ್ಲೇ. ಮಾಲೀಕರು ವೆಂಡರ್ ಜೊತೆ ಮಾತು ಮುಗಿಸಿ, ಕೊನೆಗೆ ಅಕೌಂಟೆಂಟ್‌ಗೆ ತಿಳಿಸುತ್ತಾರೆ. ಇಷ್ಟು ವರ್ಷ ದುಡಿದವರಿಗೆ ಅದು ಅವಮಾನವೇ.

ಮಾಲೀಕರಿಗೆ ನನ್ನ ಮಾತು: ಮೊದಲ ಡೆಮೋದಿಂದಲೇ ಅವರು ಪಕ್ಕದಲ್ಲಿರಲಿ. ಐಟಂ ಪಟ್ಟಿಯ ಯಜಮಾನಿಕೆ ಅವರಿಗೇ ಕೊಡಿ, ಅವರಷ್ಟು ಮಾಲು ಬಲ್ಲವರು ಇಲ್ಲ. ಕೆಳಗೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೊಟ್ಟು, ಕಲಿಸುವ ಕೆಲಸಕ್ಕೆ ಸಂಬಳ ಹೆಚ್ಚಿಸಿ. ಟ್ಯಾಲಿಯಲ್ಲಿ ಎಡಿಟ್ ಲಾಗ್ (ಯಾರು, ಯಾವಾಗ, ಏನು ತಿದ್ದಿದರು ಎಂಬ ದಾಖಲೆ) ಆನ್ ಮಾಡುವುದಾದರೆ ಯಾಕೆ ಅಂತ ಎದುರಿಗೇ ಹೇಳಿ. ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ ಅದು 2023ರ ಏಪ್ರಿಲ್ 1ರಿಂದ ಕಡ್ಡಾಯ. ಹುಬ್ಬಳ್ಳಿಯವರದು ಪಾಲುದಾರಿಕೆ, ಕಡ್ಡಾಯವಿಲ್ಲ. ಆದರೂ ಇರಲಿ ಅನ್ನುತ್ತೇನೆ. ಲೆಕ್ಕ ತಪ್ಪಿದ ದಿನ ‘ನಾನು ಮುಟ್ಟಿಲ್ಲ’ ಅನ್ನಲು ಅಕೌಂಟೆಂಟ್‌ಗೂ ಅದೇ ಸಾಕ್ಷಿ.

ಮೊದಲ ಪ್ರಶ್ನೆ ಕೇಳಿದವರು (ಮೂರು ದಿನದ ನಂತರ):

ಸರ್, ಸಬ್ ಯೂಸರ್ ಮಾಡಿದೆವು. ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಾನು, ಅಕೌಂಟೆಂಟ್ ಕೂತು ಬ್ಯಾಕಪ್ ರಿಸ್ಟೋರ್ ಮಾಡಿ ನೋಡಿದೆವು. ಹುಬ್ಬಳ್ಳಿಯದು ತೆರೆಯಿತು. ಟ್ಯಾಲಿಯಲ್ಲಿ ಬೇರೆ ಕಂಪನಿಯಾಗಿ ಇಟ್ಟಿರುವ ಗದಗದ ಲೆಕ್ಕ ಅದರಲ್ಲಿ ಇರಲೇ ಇಲ್ಲ. ಎರಡು ವರ್ಷದಿಂದ ಬ್ಯಾಕಪ್ ತೆಗೆಯುವಾಗ ಅದನ್ನು ಟಿಕ್ ಮಾಡಿಯೇ ಇಲ್ಲ. ಅವರು ತುಂಬಾ ನೊಂದುಕೊಂಡರು.

ಉತ್ತರ:

ಸಿಕ್ಕಿತಲ್ಲ, ಅದೇ ದೊಡ್ಡದು. ಅವರೇ ಹುಡುಕಿದ್ದು ಅಂತ ನಿಮ್ಮ ತಂದೆಯವರ ಮುಂದೆ ಹೇಳಿ. ಇವತ್ತೇ ಗದಗಕ್ಕೆ ಫೋನ್ ಮಾಡಿ, ಅಲ್ಲಿನ ಕಂಪ್ಯೂಟರಿನಿಂದ ಎರಡು ಪ್ರತಿ ತೆಗೆಸಿ. ಒಂದು ಅಲ್ಲೇ ಬೀರುವಿನಲ್ಲಿ, ಇನ್ನೊಂದು ನಿಮ್ಮ ಕೈಗೆ. ಪೆನ್‌ಡ್ರೈವ್ ಶನಿವಾರದವರೆಗೆ ಕಾಯುವುದು ಬೇಡ, ಸಂಜೆಯ ಬಸ್ಸಿಗೇ ಯಾರಾದರೂ ತರಲಿ.