‘ಹಿಂದಿಲ್ಲದವನು’ ಅಂದರೆ ಸರಿಯಾಗುತ್ತದಾ? ಒಂದು ಫಿನ್ನಿಶ್ ಸಿನಿಮಾದ ಹೆಸರಿನ ಬಗ್ಗೆ

ಗೆಳೆಯರೆ,

ಒಂದು ಹೆಸರು ಎರಡು ವಾರದಿಂದ ತಲೆ ತಿನ್ನುತ್ತಿದೆ. ಸ್ವಲ್ಪ ಸಹಾಯ ಮಾಡಿ.

ಫಿನ್ಲೆಂಡಿನ ನಿರ್ದೇಶಕ ಆಕಿ ಕೌರಿಸ್ಮಾಕಿ 2002ರಲ್ಲಿ ಮಾಡಿದ ‘ಮಿಯೆಸ್ ವೈಲ್ಲ ಮೆನ್ನೆಯ್ಸ್ಯೂತ್ತ್ಯಾ’ ಸಿನಿಮಾವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಪಡೆದದ್ದು. ಮನೆಯವರಿಗೆ ತೋರಿಸಬೇಕೆಂದು ಅದರ ಮಾತುಗಳನ್ನು ಕನ್ನಡಕ್ಕೆ ಬರೆದುಕೊಳ್ಳುತ್ತಿದ್ದೇನೆ. ಅಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ, ಮುಖದ ಗೆರೆ ಅಲುಗುವುದಿಲ್ಲ. ನಗು ಬರುವುದು ನಮಗೆ ಮಾತ್ರ.

ರೈಲಿಳಿದು ಹೆಲ್ಸಿಂಕಿಗೆ ಬಂದವನೊಬ್ಬ ಪಾರ್ಕಿನಲ್ಲಿ ತೂಕಡಿಸುತ್ತಾನೆ. ಪುಂಡರು ತಲೆಗೆ ಹೊಡೆದು ದೋಚುತ್ತಾರೆ. ಆಸ್ಪತ್ರೆಯಲ್ಲಿ ಸತ್ತ ಅನ್ನುತ್ತಾರೆ. ಅವನು ಎದ್ದು ನಡೆದುಬಿಡುತ್ತಾನೆ. ಹೆಸರೂ ನೆನಪಿಲ್ಲ. ನೀರಿನ ದಡದಲ್ಲಿ ಹಳೇ ಕಂಟೇನರಿನಲ್ಲಿ ಸಂಸಾರ ಮಾಡುವ ಬಡವರು ಅವನನ್ನು ನೋಡಿಕೊಳ್ಳುತ್ತಾರೆ. ಆಮೇಲೆ ಅವನೂ ಒಂದು ಕಂಟೇನರ್ ಬಾಡಿಗೆಗೆ ಹಿಡಿದು, ಗುಡಿಸಿ, ಹೊರಗೆ ಆಲೂಗಡ್ಡೆ ನೆಡುತ್ತಾನೆ. ಕರೆಂಟ್ ಎಳೆದುಕೊಟ್ಟವನಿಗೆ ಎಷ್ಟು ಕೊಡಬೇಕು ಅಂತ ಕೇಳಿದರೆ, ನಾನು ಎಲ್ಲಾದರೂ ಬೋರಲು ಬಿದ್ದದ್ದು ಕಂಡರೆ ಅಂಗಾತ ಮಾಡು, ಸಾಕು ಅನ್ನುತ್ತಾನೆ. ಬೋರಲು, ಅಂಗಾತ! ಈ ಮಾತಿಗೆ ಕನ್ನಡ ಕಾದು ಕೂತಿತ್ತು ಅನ್ನಿಸಿ ಬಹಳ ಖುಷಿಯಾಯಿತು.

ಹೆಸರಿಗೆ ಮಾತ್ರ ಹಾಗೆ ಆಗುತ್ತಿಲ್ಲ. ‘ಮಿಯೆಸ್’ ಅಂದರೆ ಗಂಡಸು. ‘ವೈಲ್ಲ’ ಅಂದರೆ ಇಲ್ಲದ, ಅದರಲ್ಲಿ ಕೊರತೆಯ ಛಾಯೆಯೂ ಇದೆ. ‘ಮೆನ್ನೆಯ್ಸ್ಯೂತ್ತ್ಯಾ’ದ ಮೂಲ ರೂಪ ‘ಮೆನ್ನೆಯ್ಸ್ಯೂಸ್’, ಕಳೆದ ಕಾಲ. ಅದು ಹುಟ್ಟಿದ್ದು ‘ಹೋಗು’ ಅನ್ನುವ ಕ್ರಿಯಾಪದದಿಂದ. ಅಂದರೆ ‘ಹೋದದ್ದು’. ನಾವೂ ಹೋದ ವಾರ, ಹೋದ ವರ್ಷ ಅನ್ನುತ್ತೇವಲ್ವಾ?

‘ಭೂತವಿಲ್ಲದವನು’ ಅಂದರೆ ದೆವ್ವವೇ ಮೊದಲು ನೆನಪಾಗುತ್ತದೆ. ‘ಗತ’ದ ಮೂಲವೂ ಹೋದದ್ದೇ, ಆದರೆ ‘ಗತವಿಲ್ಲದವನು’ ಕಿವಿಗೆ ‘ಗತಿಯಿಲ್ಲದವನು’ ಅಂತ ಬೀಳುತ್ತದೆ. ಅವನು ಗತಿಯಿಲ್ಲದವನಲ್ಲ. ‘ನೆನಪಿಲ್ಲದವನು’ ಕೂಡ ಬೇಡ. ಯಾಕೆಂದರೆ ಕೊನೆಗೆ ಅವನ ಊರು, ಹೆಂಡತಿ ಎಲ್ಲ ಪತ್ತೆಯಾಗುತ್ತವೆ. ಹೋಗಿ ನೋಡಿದರೆ ವಿಚ್ಛೇದನ ಆಗಿಹೋಗಿದೆ, ಮನೆಯಲ್ಲಿ ಬೇರೊಬ್ಬನಿದ್ದಾನೆ. ಅವನು ತಿರುಗಿ ಹೆಲ್ಸಿಂಕಿಯಲ್ಲಿ ತಾನು ಪ್ರೀತಿಸಿದ ಇರ್ಮಾ ಹತ್ತಿರ ಬರುತ್ತಾನೆ. ಅವಳು ಬಡವರ ಸೇವೆ ಮಾಡುವ ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸಂಸ್ಥೆಯವಳು. ಗೊತ್ತಾದ ಮೇಲೂ ಹೋದದ್ದು ಹೋದದ್ದೇ.

ನನಗೆ ಹತ್ತಿರ ಅನ್ನಿಸಿದ್ದು ‘ಹಿಂದುಮುಂದಿಲ್ಲದವನು’. ನಮ್ಮ ಕಡೆ ಯಾರೂ ದಿಕ್ಕಿಲ್ಲದವರಿಗೆ ಹಾಗನ್ನುತ್ತಾರೆ. ಆದರೆ ಇವನಿಗೆ ಮುಂದು ಇದೆ. ಆಲೂಗಡ್ಡೆ ನೆಡುವವನಿಗೆ ಮುಂದು ಇಲ್ಲ ಅನ್ನುವುದು ಹೇಗೆ? ಹಾಗಾಗಿ ‘ಮುಂದು’ ತೆಗೆದು ‘ಹಿಂದಿಲ್ಲದವನು’ ಅಂತ ಬರೆದಿಟ್ಟಿದ್ದೇನೆ.

ನಿಮ್ಮ ಊರಿನ ಮಾತಿನಲ್ಲಿ ‘ಹಿಂದು’ ಹೀಗೆ ಒಂಟಿಯಾಗಿ, ಕಳೆದ ಬದುಕು ಅನ್ನುವ ಅರ್ಥದಲ್ಲಿ ಬರುತ್ತದಾ? ಹಿರಿಯರ ಬಾಯಲ್ಲಿ ಕೇಳಿದ್ದರೆ ಆ ವಾಕ್ಯವನ್ನು ಹಾಗೇ ಬರೆದು ಕಳಿಸಿ.